ಇಪ್ಪತ್ತೇಳರ ಹಾಜರಿ

ಹನ್ನೆರಡು ಪದ. ಹಲ್ಲುಜ್ಜುವಾಗ ಎಣಿಸಿದ್ದಳು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೊನೆಗೊಂದು ‘ಸರ್’ ಸೇರಿಕೊಂಡು ಹದಿಮೂರಾಯಿತು. ಎರಡು ಸಲ ‘ಸರ್’ ಅಂದರೆ ಗೋಗರೆದ ಹಾಗಿರುತ್ತದೆ ಅನ್ನಿಸಿ ದೀಪಶ್ರೀ ಅದನ್ನು ತೆಗೆದುಹಾಕಿದಳು.

‘ಸರ್, ನಾನು ದಿನಾ ಕ್ಲಾಸಲ್ಲೇ ಇದ್ದೆ. ನನ್ನ ಪರವಾಗಿ ಹೇಳು ಅಂತ ರೇವತಿಗೆ ನಾನೇ ಹೇಳಿದ್ದು.’

ಕನ್ನಡಿಯ ಮುಂದೆ ಸಲೀಸಾಗಿ ಬಂತು. ಕನ್ನಡಿಯ ಮುಂದೆ ಬಾರದ ಮಾತು ಅವಳಿಗೆ ಯಾವುದೂ ಇರಲಿಲ್ಲ. ಈ ಹದಿನೇಳು ವರ್ಷದಲ್ಲಿ ಇದೇ ಕನ್ನಡಿಯ ಮುಂದೆ ಅವಳು ಕಂಡಕ್ಟರನ ಜೊತೆ ಜಗಳವಾಡಿದ್ದಳು, ಅಂಗಡಿಯವನು ಕೊಟ್ಟ ತಪ್ಪು ನೋಟ್‌ಬುಕ್ಕನ್ನು ವಾಪಸು ಮಾಡಿದ್ದಳು, ಚಿಕ್ಕಪ್ಪನ ಮದುವೆಯಲ್ಲಿ ಮಾತಾಡಿಸಿದವರಿಗೆಲ್ಲ ನಗುನಗುತ್ತಾ ಉತ್ತರ ಕೊಟ್ಟಿದ್ದಳು. ನಿಜವಾದ ಕಂಡಕ್ಟರ್ ಅವಳನ್ನು ಒಂದು ಸ್ಟಾಪು ಮುಂದೆ ಒಯ್ದು ಇಳಿಸಿದ್ದ. ತಪ್ಪು ನೋಟ್‌ಬುಕ್ಕು ಈಗಲೂ ಕಪಾಟಿನಲ್ಲಿದೆ.

ಇವತ್ತು ಹನ್ನೊಂದು ಗಂಟೆಗೆ ಕಾಲೇಜಿನ ಪ್ರಿನ್ಸಿಪಾಲರ ಚೇಂಬರಿನಲ್ಲಿ ಈ ಹನ್ನೆರಡು ಪದ ಹೇಳಿದರೆ ರೇವತಿ ಉಳಿದುಕೊಳ್ಳುತ್ತಾಳೆ. ಹೇಳದಿದ್ದರೆ ರೇವತಿಯ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಬೀಳುವುದಿಲ್ಲ. ಅವಳ ಓದು ಪಿಯುಸಿಗೆ ಮುಗಿಯಿತು. ಲೆಕ್ಕ ಇಷ್ಟು ಸರಳವಾಗಿತ್ತು.

ಹೊರಗೆ ಕಾಫಿ ಕಣದಲ್ಲಿ ಅಪ್ಪ ಹಾಜರಿ ಕೂಗುತ್ತಿದ್ದ. ಅಪ್ಪ ರಾಜೇಶನಿಗೆ ಮೂಡಿಗೆರೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಅರವತ್ತು ಎಕರೆ ತೋಟ. ಲೆಕ್ಕ ಬರೆಯಲು ರೈಟರ್ ತಿಮ್ಮಪ್ಪ ಇದ್ದರೂ ಆಳುಗಳ ಹೆಸರನ್ನು ಮಾತ್ರ ಅಪ್ಪನೇ ಕೂಗಬೇಕು. ಅದು ಅವನ ಬೆಳಗಿನ ಕಾಫಿಯಷ್ಟೇ ಅಭ್ಯಾಸ.

“ಭಾಗಮ್ಮ!”

“ಇದೀನಿ ಸಾವ್ಕಾರ್ರೇ.”

“ಶಿವಯ್ಯ! ಕೈ ಎತ್ತಿದ್ರೆ ಆಗಲ್ಲ ಮಾರಾಯ, ಬಾಯಿಬಿಟ್ಟು ಹೇಳು. ದೇವ್ರು ಬಾಯಿ ಕೊಟ್ಟಿರೋದ್ಯಾಕೆ?”

ಕಣದಲ್ಲಿ ನಗು ಎದ್ದಿತು. ದೀಪಶ್ರೀ ಕಿಟಕಿಯ ಪರದೆ ಎಳೆದಳು.

ಹೋದ ತಿಂಗಳು ಪಕ್ಕದ ತೋಟದಲ್ಲಿ ಆನೆ ಒಬ್ಬನನ್ನು ತುಳಿದ ಮೇಲೆ ಅಪ್ಪ ಇನ್ನೊಂದು ಹಾಜರಿಯನ್ನೂ ಶುರುಮಾಡಿದ್ದ. ಆನೆ ಬಂದಿದೆ ಎಂದು ಫೋನಿನ ಗ್ರೂಪಿನಲ್ಲಿ ಸುದ್ದಿ ಬಂದ ಕೂಡಲೆ ತಿಮ್ಮಪ್ಪ ಸೈರನ್ ಒತ್ತುತ್ತಾನೆ. ಬೇಲಿಯ ಹೊರಗಿನ ಲೈನುಮನೆಗಳ ಆಳುಗಳು, ದೊಡ್ಡಮನೆಯವರು, ಎಲ್ಲರೂ ಸೋಲಾರ್ ಬೇಲಿಯ ಒಳಗೆ ಕಣಕ್ಕೆ ಬಂದು ನಿಲ್ಲಬೇಕು. ಅಪ್ಪ ಒಂದೊಂದೇ ಹೆಸರು ಕೂಗುತ್ತಾನೆ. ಎಲ್ಲರೂ ಇದ್ದಾರೆ ಎಂದು ಗಟ್ಟಿಯಾದ ಮೇಲೆ ಗೇಟು ಹಾಕಿ ಬೇಲಿಗೆ ಕರೆಂಟು ಬಿಡುತ್ತಾರೆ. ಲೈನಿನವರು ಆ ರಾತ್ರಿ ಗೋಡೌನಿನಲ್ಲೇ ಮಲಗುತ್ತಾರೆ. ಅಜ್ಜಿ ಕೃಷ್ಣಮ್ಮ ಕೂಡ ಕುರ್ಚಿ ಹಾಕಿಸಿಕೊಂಡು ಬಂದು, “ಇದೀನಪ್ಪಾ, ಇನ್ನೆಲ್ಲಿಗೆ ಹೋಗ್ಲಿ” ಎನ್ನಬೇಕು. ಇದುವರೆಗೆ ಎರಡು ಸಲ ಹೀಗಾಗಿದೆ. ಎರಡು ಸಲವೂ ದೀಪಶ್ರೀಯ ಹೆಸರಿಗೆ ‘ಇದಾಳೆ’ ಅಂದದ್ದು ಅಮ್ಮ.

ರೇವತಿ ಭಾಗಮ್ಮನ ಮಗಳು. ಹುಟ್ಟಿದ್ದು ಇದೇ ತೋಟದ ಲೈನಿನಲ್ಲಿ. ಈಗ ದೀಪಶ್ರೀಯದೇ ಕಾಲೇಜು, ಅದೇ ಸೈನ್ಸು, ಅದೇ ಸೆಕ್ಷನ್ನು. ತೋಟದಲ್ಲಿ ಎದುರಾದರೆ ‘ಎಲ್ಲಿಗೆ ಹೊರಟ್ರಿ’ ಅನ್ನುವವಳು ಕಾಲೇಜಿನ ಗೇಟು ದಾಟಿದ ಮೇಲೆ ‘ಬಾರೆ’ ಅನ್ನುತ್ತಿದ್ದಳು. ದೀಪಶ್ರೀಯನ್ನು ‘ಬಾರೆ’ ಎಂದು ಕರೆಯುತ್ತಿದ್ದವಳು ಇಡೀ ಜಗತ್ತಿನಲ್ಲಿ ಅವಳೊಬ್ಬಳೇ.

ಕೆಮಿಸ್ಟ್ರಿಯ ದಯಾನಂದ ಸರ್ ಹಾಜರಿ ಕರೆಯುವಾಗ ತಲೆ ಎತ್ತುವುದಿಲ್ಲ. ಎಂಬತ್ತನಾಲ್ಕು ನಂಬರುಗಳನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ದೀಪಶ್ರೀ ಇಪ್ಪತ್ತೇಳು. ಸರ್ ಇಪ್ಪತ್ತರ ಹತ್ತಿರ ಬರುವಾಗಲೇ ಅವಳ ಗಂಟಲು ಮುಚ್ಚಲು ಶುರುವಾಗುತ್ತಿತ್ತು. ಇಪ್ಪತ್ತೈದಕ್ಕೆ ಕಿವಿ ಬಿಸಿ. ಇಪ್ಪತ್ತಾರಕ್ಕೆ ಅವಳು ಅವಳಲ್ಲೇ ಇರುತ್ತಿರಲಿಲ್ಲ. ಮೇಲೆ ಫ್ಯಾನಿನ ಪಕ್ಕದಲ್ಲೆಲ್ಲೋ ನಿಂತು, ಮೂರನೇ ಬೆಂಚಿನಲ್ಲಿ ಬಾಯಿ ತೆರೆದು ಕೂತ ಹುಡುಗಿಯೊಬ್ಬಳನ್ನು ಎಲ್ಲರ ಜೊತೆ ಸೇರಿ ನೋಡುತ್ತಿದ್ದಳು. ಎಂಥ ದನಿ ಬರಬಹುದು? ಕೀರಲೋ, ಒಡಕೋ? ಅಷ್ಟು ಯೋಚಿಸಿ ಮುಗಿಯುವುದರೊಳಗೆ ಸರ್ ಮೂವತ್ತರಲ್ಲಿರುತ್ತಿದ್ದರು.

ಮೊದಲ ತಿಂಗಳು ಹನ್ನೊಂದು ಆಬ್ಸೆಂಟ್ ಬಿತ್ತು. ಹನ್ನೊಂದು ದಿನವೂ ಅವಳು ಅಲ್ಲೇ ಮೂರನೇ ಬೆಂಚಿನಲ್ಲಿ ಕೂತಿದ್ದಳು. ಒಂದು ಸಂಜೆ ರೇವತಿಗೆ ವಾಟ್ಸ್ಆ್ಯಪಿನಲ್ಲಿ ಬರೆದಳು. ಅವಳ ಬೆರಳುಗಳಿಗೆ ಎಂದೂ ಈ ಕಾಯಿಲೆ ತಗುಲಿರಲಿಲ್ಲ.

‘ಇಪ್ಪತ್ತೇಳು ಅಂದಾಗ ನೀನೇ ಯೆಸ್ ಸರ್ ಅಂತೀಯಾ? ಪ್ಲೀಸ್.’

‘ನೀನು ಮುಂದಿನ ಬೆಂಚಲ್ಲೇ ಇದ್ರೂನಾ?’

‘ಇದ್ರೂ.’

‘ಒಳ್ಳೆ ಕಥೆ ಮಾರಾಯ್ತಿ. ಸರಿ.’

ಹಾಗೆ ಏಳು ತಿಂಗಳು ನಡೆಯಿತು. ಮೊನ್ನೆ ದಯಾನಂದ ಸರ್‌ಗೆ ಏನಾಯಿತೋ, ನಲವತ್ತೊಂದಕ್ಕೆ ಬಂದವರು ಪೆನ್ನು ನಿಲ್ಲಿಸಿ ತಲೆ ಎತ್ತಿದರು. “ಇಪ್ಪತ್ತೇಳಕ್ಕೂ ನಲವತ್ತೊಂದಕ್ಕೂ ಒಂದೇ ಗಂಟಲಾ?” ನಲವತ್ತೊಂದು ರೇವತಿ. ಅವಳು ಎದ್ದುನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದಳು.

“ದೀಪಶ್ರೀ ಇಲ್ಲೇ ಇದಾಳೆ ಸರ್. ದಿನಾ ಇರ್ತಾಳೆ.”

“ಇಲ್ಲೇ ಇದ್ರೆ ನೀನ್ಯಾಕಮ್ಮ ಹೇಳ್ಬೇಕು?”

ಕ್ಲಾಸು ನಕ್ಕಿತು. ನಗದೆ ಏನು ಮಾಡುತ್ತದೆ? ತಾನೇ ಬಂದು ಕೂತು, ಹಿಂದಿನ ಬೆಂಚಿನವಳಿಂದ ಹಾಜರಿ ಹಾಕಿಸಿಕೊಳ್ಳುವ ಮನುಷ್ಯರು ಇರುತ್ತಾರೆಂದು ಯಾರು ನಂಬುತ್ತಾರೆ? ಇವತ್ತೇನೋ ಇದ್ದಾಳೆ, ಉಳಿದ ದಿನ ಎಲ್ಲೆಲ್ಲಿ ತಿರುಗುತ್ತಿದ್ದಳು ಎಂದು ಸರ್ ಕೇಳಿದರು. ದೀಪಶ್ರೀ ಎದ್ದುನಿಂತಿದ್ದಳು. ಮಾಸ್ಕಿನೊಳಗಿನ ಉಸಿರಿಗೆ ಕನ್ನಡಕ ಮಂಜಾಗಿತ್ತು. ಕೊರೊನಾ ಹೋಗಿ ವರ್ಷಗಳಾದರೂ ಅವಳ ಮಾಸ್ಕು ಹೋಗಿರಲಿಲ್ಲ. ಅವಳಿಗೆ ಧೂಳಿನ ಅಲರ್ಜಿ ಎಂದು ಅಮ್ಮ ಎಲ್ಲರಿಗೂ ಹೇಳಿಟ್ಟಿದ್ದಳು. ಸರ್ ಕೊನೆಗೆ ಪಕ್ಕದಲ್ಲಿ ಕೂರುವ ಹುಡುಗಿಯನ್ನು ಕೇಳಿದರು, ಇವಳು ದಿನಾ ಬರ್ತಾಳಾ ಅಂತ. ಆ ಹುಡುಗಿ ನೆನಪು ಮಾಡಿಕೊಳ್ಳುವವಳ ಹಾಗೆ ಮುಖ ಮಾಡಿದಳು.

“ಬರ್ತಾಳೆ ಅನ್ಸುತ್ತೆ ಸರ್.”

ಏಳು ತಿಂಗಳು ಮೊಣಕೈಗೆ ಮೊಣಕೈ ತಾಗಿಸಿ ಕೂತವಳು ಹೇಳಿದ ಆ ‘ಅನ್ಸುತ್ತೆ’ ದೀಪಶ್ರೀಯನ್ನು ಎರಡು ದಿನದಿಂದ ಕೊರೆಯುತ್ತಿತ್ತು.

ತಿಂಡಿಗೆ ಕಡುಬು, ಕಾಯಿಚಟ್ನಿ. ಅಪ್ಪ ಕೈ ತೊಳೆದು ಬಂದು ಕೂತ.

“ಎಲ್ಲಿಗೆ ಹೋಗ್ತಿದ್ದೆ ಹೇಳು. ಬೈಯಲ್ಲ.”

“ಅವ್ಳು ಎಲ್ಲಿಗೂ ಹೋಗಲ್ಲ ರೀ” ಎಂದಳು ಅಮ್ಮ ಯಶೋದಾ.

“ನಾನ್ ಅವ್ಳನ್ನ ಕೇಳ್ದೆ.”

“ಕೇಳಿದ್ರೆ ಅವ್ಳೂ ಅದನ್ನೇ ಹೇಳ್ತಾಳೆ. ಇನ್ನೊಂದ್ ಕಡುಬು ಹಾಕ್ಲಾ? ಬೇಡ್ವಂತೆ.”

ಬೇಡ ಎಂದು ಅವಳು ಹೇಳಿರಲಿಲ್ಲ. ನಿಜಕ್ಕೂ ಇನ್ನೊಂದು ಬೇಕಾಗಿತ್ತು. ಅಮ್ಮನಿಗೆ ಮಗಳ ಮನಸ್ಸು ಮಗಳಿಗಿಂತ ಮೊದಲೇ ಗೊತ್ತಾಗುತ್ತದೆ ಎಂದು ಬಂಧುಬಳಗದಲ್ಲೆಲ್ಲ ಹೆಸರಿತ್ತು. ಡಾಕ್ಟರ ಹತ್ತಿರ ‘ಹೊಟ್ಟೆನೋವು, ಮೂರು ದಿನದಿಂದ’ ಎನ್ನುವವಳು ಅಮ್ಮ. ಬಟ್ಟೆ ಅಂಗಡಿಯಲ್ಲಿ ‘ಹಸಿರು ಅವ್ಳಿಗೆ ಹಿಡಿಸಲ್ಲ’ ಎನ್ನುವವಳು ಅಮ್ಮ. ಮಾತು ಕಲಿಯುವ ಮೊದಲೇ ಉತ್ತರಗಳೆಲ್ಲ ಸಿದ್ಧವಾಗಿದ್ದ ಮನೆಯಲ್ಲಿ ದೀಪಶ್ರೀ ಬೆಳೆದಿದ್ದಳು.

“ಹೆಣ್ಣುಮಗು ಮೆತ್ತಗಿದ್ರೇ ಚೆಂದ ಬಿಡು” ಎಂದಳು ಅಜ್ಜಿ. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.”

ಅಪ್ಪ ಜೀಪು ತೆಗೆದ. ಭಾಗಮ್ಮ ಹಿಂದೆ ಹತ್ತಿ, ಸ್ಟೆಪ್ನಿ ಟಯರಿನ ಪಕ್ಕ ಕಾಲು ಮಡಿಸಿ ಕೂತಳು. ಕೆಲಸಕ್ಕೆ ಹೋಗುವ ಸೀರೆಯ ಮೇಲೆ ಒಳ್ಳೆಯ ಸ್ವೆಟರು ಹಾಕಿಕೊಂಡಿದ್ದಳು. ರೇವತಿ ಬೆಳಗಿನ ಬಸ್ಸಿಗೇ ಹೋಗಿದ್ದಳು. ದಾರಿಯಲ್ಲಿ ಯಾರೂ ಮಾತಾಡದೆ ಇದ್ದದ್ದು ಅಪ್ಪನಿಗೆ ಹಿಂಸೆಯಾಗಿರಬೇಕು. ಅವನು ಹಿಂದಕ್ಕೆ ತಿರುಗಿ, ಭಾಗಮ್ಮನಿಗೆ ಆ ಹಳೇ ಕಥೆಯನ್ನು ಮತ್ತೆ ಹೇಳಿದ.

“ಇವ್ಳು ಆರು ವರ್ಷದವ್ಳಿದ್ದಾಗ ನೋಡು, ಮನೆ ತುಂಬ ನೆಂಟ್ರು. ಕಥೆ ಹೇಳು ಪುಟ್ಟಿ ಅಂತ ಮೇಜಿನ ಮೇಲೆ ನಿಲ್ಸಿದ್ದೆ. ಶುರು ಏನೋ ಜೋರಾಗೇ ಮಾಡಿದ್ಲು. ನಡೂಮಧ್ಯೆ ‘ಆಮೇಲೆ’ ಅಂತ ನಿಂತುಬಿಟ್ಲು ಮಾರಾಯ್ತಿ. ಆಮೇಲೆ... ಆಮೇಲೆ... ಆಮೇಲೆ... ಹಹ್ಹ!”

ಭಾಗಮ್ಮ ನಕ್ಕಳು. ಸಾವುಕಾರರು ನಗುವಾಗ ನಗಬೇಕು. ಆ ದಿನ ನೆಂಟರೂ ನಕ್ಕಿದ್ದರು, ಯಾರೋ ಕೆನ್ನೆ ಹಿಂಡಿ ಚಾಕೊಲೇಟು ಕೊಟ್ಟಿದ್ದರು. ಮೇಜಿನ ಮೇಲಿಂದ ಅವಳಿಗೆ ಕಂಡದ್ದು ಬರೀ ಬಾಯಿಗಳು, ತೆರೆದ ಬಾಯಿಗಳು, ಅವುಗಳೊಳಗಿನ ಹಲ್ಲು. ಅವರೆಲ್ಲ ಪ್ರೀತಿಯಿಂದಲೇ ನಕ್ಕಿದ್ದರು. ಪ್ರೀತಿಯಿಂದ ನಕ್ಕವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದು ಅವಳಿಗೆ ಹನ್ನೊಂದು ವರ್ಷವಾದರೂ ಗೊತ್ತಾಗಿಲ್ಲ.

ಸರ್, ನಾನು ದಿನಾ ಕ್ಲಾಸಲ್ಲೇ ಇದ್ದೆ. ಅವಳು ತುಟಿ ಅಲುಗದಂತೆ ಹೇಳಿಕೊಂಡಳು. ಹ್ಯಾಂಡ್‌ಪೋಸ್ಟ್ ಸರ್ಕಲ್ಲು ದಾಟುವಷ್ಟರಲ್ಲಿ ನಲವತ್ತು ಸಲವಾಗಿತ್ತು. ನಲವತ್ತನೆಯ ಸಲಕ್ಕೆ ಪದಗಳು ಅರ್ಥ ಕಳೆದುಕೊಂಡು, ಯಾವುದೋ ಗೊತ್ತಿಲ್ಲದ ಭಾಷೆಯ ಮಂತ್ರದ ಹಾಗೆ ಕೇಳತೊಡಗಿದವು.

ಚೇಂಬರಿನ ಹೊರಗಿನ ಬೆಂಚಿನ ಎದುರಿಗೆ ಒಂದು ಪೋಸ್ಟರು ಅಂಟಿಸಿದ್ದರು. ‘ಮನಸ್ಸು ಬಿಚ್ಚಿ ಮಾತಾಡಿ.’ ಆಗಸ್ಟಿನಲ್ಲಿ ಚಿಕ್ಕಮಗಳೂರಿನಿಂದ ಬಂದ ಆಪ್ತಸಮಾಲೋಚಕಿಯೊಬ್ಬರು ಅಂಟಿಸಿಹೋದದ್ದು. ಹದಿಹರೆಯದವರ ಸಾಮಾಜಿಕ ಆತಂಕದ ಬಗ್ಗೆ ಅವರು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಒಂದು ಗಂಟೆ ಮಾತಾಡಿದ್ದರು. ಜನ ತನ್ನನ್ನೇ ನೋಡುತ್ತಾರೆಂಬ ಭ್ರಮೆ, ತಪ್ಪಾದೀತೆಂಬ ಭಯ, ಬಾಲ್ಯದ ಒಂದು ಅವಮಾನ, ಅತಿಯಾಗಿ ಕಾಯುವ ತಂದೆತಾಯಿ. ತನ್ನ ಡೈರಿಯನ್ನು ಯಾರೋ ಮೈಕಿನಲ್ಲಿ ಓದಿದಂತೆ ದೀಪಶ್ರೀ ಬೆವತಿದ್ದಳು. ಕೊನೆಗೆ ಅವರು ಮುನ್ನೂರು ಮಕ್ಕಳ ಸಭಾಂಗಣದಲ್ಲಿ ನಗುತ್ತಾ ಕೇಳಿದ್ದರು: ‘ಇಂಥ ತೊಂದರೆ ಇರುವವರು ದಯವಿಟ್ಟು ಎದ್ದುನಿಂತು ಹೇಳಿ, ಸಂಕೋಚ ಬೇಡ.’ ಯಾರೂ ಏಳಲಿಲ್ಲ. ಈ ಕಾಲೇಜಿನಲ್ಲಿ ಅಂಥ ತೊಂದರೆ ಇಲ್ಲದ್ದಕ್ಕೆ ಪ್ರಿನ್ಸಿಪಾಲರು ಸಂತೋಷ ಪಟ್ಟಿದ್ದರು.

ಒಳಗೆ ನಾಲ್ಕು ಕುರ್ಚಿಗಳಿದ್ದವು. ಅಪ್ಪನಿಗೊಂದು, ದಯಾನಂದ ಸರ್‌ಗೊಂದು. ಮೂರನೆಯದನ್ನು ಪ್ರಿನ್ಸಿಪಾಲರು ದೀಪಶ್ರೀಗೆ ತೋರಿಸಿದರು. ನಾಲ್ಕನೆಯದು ಖಾಲಿಯೇ ಉಳಿಯಿತು. ಭಾಗಮ್ಮ ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಪಕ್ಕ ನಿಂತಳು. ಅವಳ ಪಕ್ಕದಲ್ಲಿ ಬ್ಯಾಗು ತಬ್ಬಿಕೊಂಡು ರೇವತಿ.

“ಈ ಸಲ ಫಸಲು ಹೆಂಗೆ ರಾಜೇಶ್?”

“ಏನ್ ಫಸಲು ಸರ್. ಆಳಿದ್ರೆ ಮಳೆ ಬಿಡಲ್ಲ, ಮಳೆ ಬಿಟ್ರೆ ಆನೆ ಬಿಡಲ್ಲ.”

ಕಾಫಿ ಬಂತು. ಫಸಲು, ಆನೆ, ರಸ್ತೆ ಎಲ್ಲ ಮುಗಿದ ಮೇಲೆ ಪ್ರಿನ್ಸಿಪಾಲರು ಇವಳ ಕಡೆ ತಿರುಗಿದರು. ಒಳ್ಳೆಯ ಮನುಷ್ಯ. ದನಿ ಮೆತ್ತಗೆ ಮಾಡಿಕೊಂಡೇ ಕೇಳಿದರು.

“ನೀನೇ ಹೇಳಮ್ಮ ದೀಪಶ್ರೀ. ದಿನಾ ಬರ್ತಿದ್ಯಾ? ಇವ್ಳಿಗೆ ನೀನೇ ಹೇಳಿದ್ಯಾ? ಇಲ್ಲ ಇವ್ಳೇ ಮಾಡಿದ್ದಾ? ಹೆದ್ರಬೇಡ.”

ಐದು ಜೊತೆ ಕಣ್ಣು. ರೇವತಿಯ ಕಣ್ಣು ಮಾತ್ರ ಕೇಳುತ್ತಿರಲಿಲ್ಲ, ಕಾಯುತ್ತಿತ್ತು.

“ಸರ್” ಎಂದಳು ದೀಪಶ್ರೀ.

ಬಂತು! ಅವಳಿಗೇ ಆಶ್ಚರ್ಯವಾಯಿತು. ಹನ್ನೆರಡರಲ್ಲಿ ಒಂದು ಹೊರಗೆ ಬಿದ್ದಿತ್ತು. ಅದು ಹೇಗೆ ಕೇಳಿಸಿತು ಎಂದು ಅವಳು ಆಲಿಸಿದಳು. ಸ್ವಲ್ಪ ಕೀರಲಾಯಿತೇ? ಮಾಸ್ಕು ಅಲ್ಲಾಡಿದ್ದು ಕಂಡಿತೇ? ದಯಾನಂದ ಸರ್ ಹುಬ್ಬು ಯಾಕೆ ಮೇಲೆ ಹೋಯಿತು? ಹೀಗೆ ಒಂದು ಪದವನ್ನು ತಿರುಗಿಸಿ ಮುರುಗಿಸಿ ನೋಡುವಷ್ಟರಲ್ಲಿ ಉಳಿದ ಹನ್ನೊಂದು ಎಲ್ಲಿ ಹೋದವೋ ಕಾಣಲಿಲ್ಲ. ಅವಳು ಫ್ಯಾನಿನ ಹತ್ತಿರ ಹೋಗಿ ನಿಂತಿದ್ದಳು. ಕೆಳಗೆ ಕುರ್ಚಿಯಲ್ಲಿ ಹುಡುಗಿಯೊಬ್ಬಳು ಕೂತಿದ್ದಳು.

“ಅವ್ಳು ಸ್ವಲ್ಪ ನಾಚಿಕೆ ಸರ್” ಎಂದ ಅಪ್ಪ. “ನಾನ್ ಹೇಳ್ತೀನಿ. ನಮ್ಮ ಹುಡುಗಿ ಅಂಥದ್ದೆಲ್ಲ ಹೇಳ್ಸೋಳಲ್ಲ. ಹುಷಾರಿಲ್ದೆ ಆಗಾಗ ತಪ್ಪಿಸ್ಕೊಂಡಿರ್ಬೇಕು. ಇವ್ಳೇ ಏನೋ ಒಳ್ಳೇದು ಮಾಡೋಕ್ ಹೋಗಿದಾಳೆ. ಹುಡುಗ್ರು.”

“ಹೌದಾ ದೀಪಶ್ರೀ?”

ಅಪ್ಪ ಕಾಫಿ ಲೋಟ ಕೆಳಗಿಟ್ಟ.

“ಸರಿ, ಮೌನಂ ಸಮ್ಮತಿ ಲಕ್ಷಣಂ” ಎಂದು ಪ್ರಿನ್ಸಿಪಾಲರು ನಕ್ಕರು. ಅವರಿಗೂ ಇದು ಮುಗಿದರೆ ಸಾಕಾಗಿತ್ತು.

ರೇವತಿಯ ಕೈ ಬ್ಯಾಗಿನ ಜಿಪ್ಪಿಗೆ ಹೋಯಿತು. ಬ್ಯಾಗಿನಲ್ಲಿ ಫೋನಿತ್ತು. ಫೋನಿನಲ್ಲಿ ‘ಇಪ್ಪತ್ತೇಳು ಅಂದಾಗ ನೀನೇ’ ಇತ್ತು, ‘ಪ್ಲೀಸ್’ ಇತ್ತು. ಅದು ದೀಪಶ್ರೀಗೂ ಗೊತ್ತಿತ್ತು. ತೆಗಿ, ತೋರಿಸು, ದಯವಿಟ್ಟು ತೋರಿಸು ಎಂದು ಅವಳು ಒಳಗೊಳಗೇ ಕೂಗಿಕೊಂಡಳು. ಭಾಗಮ್ಮ ಮಗಳ ಮಣಿಕಟ್ಟು ಹಿಡಿದಳು. ಕಾಫಿ ಕೊಯ್ದು ಕಪ್ಪಾದ ಬೆರಳುಗಳು ಆ ಬಿಳೀ ಯೂನಿಫಾರಮ್ಮಿನ ತೋಳನ್ನು ಬಿಗಿಯಾಗಿ ಅದುಮಿದವು.

“ನಮ್ ಹುಡುಗೀದೇ ತಪ್ಪು ಸಾರ್. ಸಾವ್ಕಾರ್ರು ಹೇಳಿದ್ಮೇಲೆ ಇನ್ನೇನಿದೆ.”

ಮಗಳ ಪರವಾಗಿ ಅಪ್ಪ ಹೇಳಿದ. ಮಗಳ ಪರವಾಗಿ ತಾಯಿ ಒಪ್ಪಿಕೊಂಡಳು. ಪ್ರಾಕ್ಸಿ ಕೊಟ್ಟವರ ವಿಚಾರಣೆ ನಡೆಯುವ ಕೋಣೆಯಲ್ಲೇ, ಎಲ್ಲರ ಕಣ್ಣೆದುರಿಗೆ, ಎರಡು ಪ್ರಾಕ್ಸಿ ಬಿದ್ದವು. ದಯಾನಂದ ಸರ್ ಈ ಸಲ ತಲೆ ಎತ್ತಲಿಲ್ಲ.

ಒಂದು ಬಿಳೀ ಹಾಳೆ ಕೊಟ್ಟರು. ರೇವತಿ ನಾಲ್ಕನೆಯ ಕುರ್ಚಿಯ ಮೇಲೆ ಕೂರದೆ, ಮೇಜಿನ ಮೂಲೆಗೆ ಬಗ್ಗಿ ಬರೆದಳು. ಇನ್ನು ಮುಂದೆ ಯಾರ ಪರವಾಗಿಯೂ ಯಾವ ಕಾರಣಕ್ಕೂ ಹಾಜರಿ ಹೇಳುವುದಿಲ್ಲ. ಅಕ್ಷರಗಳು ದುಂಡಗಿದ್ದವು. ಪ್ರಿನ್ಸಿಪಾಲರು ಓದಿ ಫೈಲಿಗೆ ಸೇರಿಸಿದರು. ದೀಪಶ್ರೀಗೆ ಡಾಕ್ಟರ್ ಸರ್ಟಿಫಿಕೇಟು ತಂದರೆ ಹಾಜರಿ ಸರಿಮಾಡಬಹುದು. ರೇವತಿಗೂ ಹಾಲ್ ಟಿಕೆಟ್ ಕೊಡುತ್ತಾರೆ.

“ಸ್ಕಾಲರ್‌ಶಿಪ್ ಅರ್ಜಿಗೆ ಮಾತ್ರ, ನಡತೆ ಒಳ್ಳೇದು ಅಂತ ನಾನ್ ಹೆಂಗಮ್ಮ ಸಹಿ ಹಾಕ್ಲಿ?” ಎಂದರು.

ಹೊರಗೆ ಬಂದ ಕೂಡಲೆ ದೀಪಶ್ರೀಗೆ ಮೊದಲು ಆದದ್ದು ದುಃಖವಲ್ಲ, ಬಿಡುಗಡೆ. ಮುಗಿಯಿತು, ಇನ್ನು ಯಾರೂ ಕೇಳುವುದಿಲ್ಲ ಎಂದು ಮೈಯೆಲ್ಲ ಹಗುರವಾಯಿತು. ಆ ಹಗುರ ಗೊತ್ತಾದದ್ದೇ ತನ್ನ ಬಗ್ಗೆ ಹೇಸಿಗೆಯಾಯಿತು. ಅಪ್ಪ ಜೀಪಿನ ಕಡೆ ಹೋಗಿದ್ದ, ಭಾಗಮ್ಮ ಚಪ್ಪಲಿ ಹುಡುಕುತ್ತಿದ್ದಳು. ರೇವತಿ ಪೋಸ್ಟರಿನ ಕೆಳಗೆ ನಿಂತಿದ್ದಳು.

“ಹೂಂ ಅಂದಿದ್ರೂ ಸಾಕಿತ್ತಲ್ಲೇ” ಎಂದಳು. “ತಲೆ ಆಡ್ಸಿದ್ರೂ ಸಾಕಿತ್ತು.”

ದೀಪಶ್ರೀ ಅವಳ ಬ್ಯಾಗಿನ ಜಿಪ್ಪನ್ನು ನೋಡುತ್ತಾ ನಿಂತಳು. ರೇವತಿ ಸ್ವಲ್ಪ ಹೊತ್ತು ಕಾದಳು. ಏಳು ತಿಂಗಳು ಇವಳ ಪರವಾಗಿ ದನಿ ಕೊಟ್ಟವಳಿಗೆ ಅರ್ಧ ನಿಮಿಷ ಹೆಚ್ಚೇನಲ್ಲ. ಆಮೇಲೆ ತೋಟದಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು:

“ಹೊರಡಿ. ಸಾವ್ಕಾರ್ರು ಕಾಯ್ತಿದಾರೆ.”

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿ, “ತಲೆನೋವಾ? ಹೋಗಿ ಮಲ್ಕೋ” ಎಂದಳು. ಅವಳಿಗೆ ತಲೆನೋವಿರಲಿಲ್ಲ. ಹೋಗಿ ಮಲಗಿದಳು.

ಹಾಸಿಗೆಯಲ್ಲಿ ಬೋರಲಾಗಿ ಫೋನಿನಲ್ಲಿ ಬರೆದಳು. ಅಲ್ಲಿ ಮಾತು ಬರುತ್ತಿತ್ತು. ಧಾರಾಳವಾಗಿ, ಕಣ್ಣೀರಿನ ಜೊತೆ ಬರುತ್ತಿತ್ತು. ಮೇಜು, ಬಾಯಿಗಳು, ಫ್ಯಾನು, ಗಂಟಲು ಎಲ್ಲವನ್ನೂ ಮೊದಲ ಸಲ ಬರೆದಳು. ನಾನು ನಾಳೆ ಹೋಗಿ ಹೇಳುತ್ತೇನೆ ಎಂದೂ ಬರೆದಳು. ಕಳಿಸಿದಳು. ಒಂದೇ ರೈಟು ಗುರುತು ಬಿತ್ತು. ಒಂದು ಗಂಟೆಯಾದರೂ ಎರಡನೆಯದು ಬೀಳಲಿಲ್ಲ. ರೇವತಿಯ ಫೋಟೋ ಇದ್ದ ಜಾಗದಲ್ಲಿ ಬೂದು ಬಣ್ಣದ ಖಾಲಿ ತಲೆಯೊಂದಿತ್ತು. ಬ್ಲಾಕ್ ಮಾಡಿದ್ದಳು.

ಬೆರಳಿನ ದಾರಿಯೂ ಮುಚ್ಚಿತ್ತು. ಇನ್ನು ಉಳಿದದ್ದು ಕಾಲು ಮತ್ತು ಬಾಯಿ.

ಐದೂವರೆಗೆ ಅವಳು ಫೋನನ್ನು ಹಾಸಿಗೆಯ ಮೇಲೇ ಬಿಟ್ಟು ಎದ್ದಳು. ಅಮ್ಮ ಅಡಿಗೆಮನೆಯಲ್ಲಿ ಅಜ್ಜಿಯ ಜೊತೆ ಮಾತಾಡುತ್ತಿದ್ದಳು. ರೂಮಿನ ಬಾಗಿಲು ಎಳೆದುಕೊಂಡು, ಕಣ ದಾಟಿ, ಗೇಟಿನಿಂದ ಹೊರಗೆ ಬಂದು, ಗಾಡಿರಸ್ತೆ ಬಿಟ್ಟು ಗಿಡಗಳ ನಡುವಿನ ಕಾಲುದಾರಿ ಹಿಡಿದಳು. ಗಾಡಿರಸ್ತೆಯಲ್ಲಿ ಯಾರಾದರೂ ಎದುರಾದರೆ ಎಲ್ಲಿಗೆ ಎಂದು ಕೇಳುತ್ತಾರೆ. ಲೈನು ಒಂದು ಫರ್ಲಾಂಗು ದೂರ. ರೊಬಸ್ಟಾ ಕಾಫಿಗಿಡಗಳು ಅವಳಿಗಿಂತ ಎತ್ತರವಾಗಿ ಎರಡೂ ಕಡೆ ಕೈ ಚಾಚಿದ್ದವು. ಒಳಗೆ ಆಗಲೇ ಕತ್ತಲಾಗತೊಡಗಿತ್ತು.

‘ರೇವತಿ, ನಂದೇ ತಪ್ಪು.’ ಮೂರೇ ಪದ. ಮಾಸ್ಕು ತೆಗೆದು ಕಿಸೆಗಿಟ್ಟು ಜೋರಾಗಿ ಹೇಳಿದಳು. ಗಿಡಗಳು ಕೇಳಿಸಿಕೊಂಡವು. ಇನ್ನೊಂದು ಸಲ ಹೇಳಿದಳು. ಇದು ಬರುತ್ತದೆ, ಇದು ಖಂಡಿತ ಬರುತ್ತದೆ ಅನ್ನಿಸಿತು. ಅವಳಿಗೆ ನಿಜವಾಗಿಯೂ ಧೈರ್ಯ ಬಂದಿತ್ತು.

ಅಷ್ಟರಲ್ಲಿ ಸೈರನ್ ಕೂಗಿತು.

ಗಾಡಿರಸ್ತೆಯಲ್ಲಿ ಲೈನಿನವರ ಓಟ, ಮಕ್ಕಳನ್ನು ಕರೆಯುವ ದನಿ, ಟಾರ್ಚಿನ ಬೆಳಕು. ಎಲೆಗಳ ಸಂದಿಯಿಂದ ರೇವತಿಯ ಜಡೆ ಕಂಡಿತು. ಓಡಿಹೋಗಿ ಅವರ ಜೊತೆ ಸೇರಬಹುದಿತ್ತು. ಆದರೆ ಗಿಡದ ಮಧ್ಯದಿಂದ ಹೀಗೆ ಹೊರಬಿದ್ದರೆ ಎಲ್ಲರೂ ನೋಡುತ್ತಾರೆ, ಇಲ್ಲೇನು ಮಾಡುತ್ತಿದ್ದಿರಿ ಎನ್ನುತ್ತಾರೆ. ಅವರೆಲ್ಲ ಮುಂದೆ ಹೋಗಲಿ ಎಂದು ನಿಂತಳು. ಹೋದ ಮೇಲೆ ಬಂದ ದಾರಿಯಲ್ಲೇ ವಾಪಸು ನಡೆದಳು. ಗೇಟಿಗೆ ಇಪ್ಪತ್ತು ಹೆಜ್ಜೆ ಇರುವಾಗ ಕೊನೆಯ ಗಿಡದ ಹಿಂದೆ ಕಾಲು ನಿಂತುಬಿಟ್ಟಿತು.

ಕಣದ ದೊಡ್ಡ ದೀಪ ಹಾಕಿದ್ದರು. ಮೂವತ್ತೈದು ನಲವತ್ತು ಜನ, ಎಲ್ಲರ ಮುಖವೂ ಗೇಟಿನ ಕಡೆಗೆ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಅಪ್ಪ ಪುಸ್ತಕ ಹಿಡಿದು ನಿಂತಿದ್ದ. ಈಗ ಒಳಗೆ ಹೋಗಬೇಕೆಂದರೆ ಆ ಬೆಳಕಿನಲ್ಲಿ, ಅಷ್ಟೂ ಮುಖಗಳ ಎದುರು, ಒಬ್ಬಳೇ ಇಪ್ಪತ್ತು ಹೆಜ್ಜೆ ನಡೆಯಬೇಕು. ಮೊದಲ ಸಾಲಿನಲ್ಲಿ ರೇವತಿ ಇದ್ದಳು. ಆನೆ ಎಲ್ಲಿತ್ತೋ ಅವಳಿಗೆ ಗೊತ್ತಿರಲಿಲ್ಲ. ಈ ಕಣ್ಣುಗಳು ಎಲ್ಲಿವೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಹೆಸರು ಕೂಗಿ ಮುಗಿಯಲಿ. ಜನ ಚದುರಲಿ. ಆಮೇಲೆ ಹೋಗುತ್ತೇನೆ ಅಂದುಕೊಂಡಳು. ಆಮೇಲೆ.

“ಶಿವಯ್ಯ!”

“ಇದೀನೀ!” ಈ ಸಲ ಶಿವಯ್ಯ ಬಾಯಿಬಿಟ್ಟೇ ಹೇಳಿದ.

“ಭಾಗಮ್ಮ! ರೇವತಿ!”

“ಇದೀನಿ” ಎಂದಳು ರೇವತಿ.

ಮುಗಿದ ಮೇಲೆ ಗೇಟು ಹಾಕುತ್ತಾರೆ. ಅದು ಅವಳಿಗೆ ಆಗ ನೆನಪಾಯಿತು. ಹಾಗಾದರೆ ತನ್ನ ಹೆಸರು ಕರೆದಾಗ ಹೇಳಿಬಿಡಬೇಕು. ‘ಇದೀನಿ.’ ಒಂದೇ ಪದ. ಮರೆಯಲ್ಲಿ ನಿಂತೇ ಹೇಳಬಹುದು, ಯಾರಿಗೂ ಮುಖ ಕಾಣುವುದಿಲ್ಲ. ಅಪ್ಪ ಆಳುಗಳ ಹೆಸರು ಮುಗಿಸಿ ಮನೆಯವರ ಹೆಸರಿಗೆ ಬಂದ. ಅಜ್ಜಿಯ ದನಿ ಕೇಳಿತು, ಇನ್ನೆಲ್ಲಿಗೆ ಹೋಗ್ಲಿ ಎಂದು. ಕಣ ನಕ್ಕಿತು. ದೀಪಶ್ರೀಯ ಕಿವಿ ಬಿಸಿಯಾಯಿತು. ಗಂಟಲು ತನ್ನಷ್ಟಕ್ಕೆ ಮುಚ್ಚತೊಡಗಿತು.

“ದೀಪಶ್ರೀ!”

ಬೆಳಕಿನಲ್ಲಿ ರೇವತಿಯ ತುಟಿ ಬಿಚ್ಚಿಕೊಂಡದ್ದು ಅವಳಿಗೆ ಇಲ್ಲಿಂದಲೇ ಕಂಡಿತು. ಏಳು ತಿಂಗಳ ಅಭ್ಯಾಸ. ಬಿಚ್ಚಿದ ತುಟಿ ಹಾಗೇ ಮುಚ್ಚಿಕೊಂಡಿತು. ಇವತ್ತು ಬೆಳಿಗ್ಗೆ ಅವಳು ಬರೆದುಕೊಟ್ಟಿದ್ದಳಲ್ಲ.

“ಇದಾಳೆ ರೀ” ಎಂದಳು ಅಮ್ಮ. “ತಲೆನೋವು ಪಾಪ, ಒಳಗೆ ಮಲಗಿದಾಳೆ. ಎಬ್ಬಿಸ್ಬೇಡಿ.”

“ಸರಿ. ಎಲ್ಲಾ ಇದಾರೆ. ಗೇಟ್ ಹಾಕು ತಿಮ್ಮಪ್ಪ.”

ಅಪ್ಪ ಪುಸ್ತಕ ಮಡಚಿದ. ಗೇಟು ಕಿರುಗುಟ್ಟಿ ಮುಚ್ಚಿತು, ಸರಪಳಿ ಬಿತ್ತು. ಜನ ಬೆನ್ನು ತಿರುಗಿಸಿ ಗೋಡೌನಿನ ಕಡೆ ಚದುರಿದರು. ಅವಳು ಕಾದದ್ದೂ ಅದಕ್ಕೇ, ಈಗ ಯಾವ ಮುಖವೂ ಅವಳ ಕಡೆ ಇರಲಿಲ್ಲ. ದೊಡ್ಡ ದೀಪ ಆರಿತು.

ಹಿಂದೆ, ಬಹಳ ದೂರವಲ್ಲದೆ, ಒಂದು ಕೊಂಬೆ ಲಟಕ್ಕೆಂದು ಮುರಿಯಿತು. ಹಸೀ ತೊಗಟೆಯ ವಾಸನೆ, ಅದರ ಜೊತೆ ಇನ್ನೇನೋ ಬಿಸಿಯಾದ ವಾಸನೆ ಬಂತು. ಅವಳು ಬಾಯಿ ತೆರೆದಳು.

ಗೇಟಿನ ಕಂಬದ ಮೇಲಿದ್ದ, ಬೇಲಿಗೆ ಕರೆಂಟು ಬಿಡುವ ಪೆಟ್ಟಿಗೆ ಹೊಡೆದುಕೊಳ್ಳಲು ಶುರುಮಾಡಿತ್ತು. ಟಿಕ್. ಟಿಕ್. ಸೆಕೆಂಡಿಗೊಂದರಂತೆ, ತಲೆ ಎತ್ತದೆ ನಂಬರು ಕರೆಯುವವರ ಹಾಗೆ. ಬೇಡವೆಂದರೂ ಅವಳು ಎಣಿಸತೊಡಗಿದಳು. ಹಿಂದೆ ಗಿಡಗಳು ಸರಿದು ದಾರಿ ಬಿಡುತ್ತಿದ್ದವು. ಇಪ್ಪತ್ತಮೂರು. ಇಪ್ಪತ್ತನಾಲ್ಕು. ತೆರೆದ ಬಾಯಿ ತೆರೆದೇ ಇತ್ತು. ಇಪ್ಪತ್ತೈದು.

ಇಪ್ಪತ್ತಾರು.